ಡಾ. ಕೋಟ್ನಿಸ್: ಚೀನಾದಲ್ಲಿ ನಿಂತ ಸೊಲ್ಲಾಪುರದ ಉಸಿರು

ಸೊಲ್ಲಾಪುರ: ಅಕ್ಕಲಕೋಟೆ, ಮೈಂದರ್ಗಿ, ದುಧನಿ ಕಡೆಯಿಂದ ಆಸ್ಪತ್ರೆಯ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬರುವ ಜನರಿಗೆ ಭೈಯ್ಯಾ ಚೌಕದ ಹೆಸರು ಹೊಸದಲ್ಲ. ಅಲ್ಲಿಯೇ ಒಂದು ಹಳೆಯ ಮನೆ ಇದೆ. ಮಹಾನಗರ ಪಾಲಿಕೆ ಅದನ್ನು ಸ್ಮಾರಕ ಮಾಡಿ 2012ರ ಜನವರಿ 1ರಂದು ಜನರಿಗೆ ತೆರೆಯಿತು. ಚೀನಾದ ಕೋಟ್ಯಂತರ ಜನರಿಗೆ ಗೊತ್ತಿರುವ ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಅವರ ಮನೆ ಅದು.

ಪರದೇಶದ ಗಾಯಾಳುಗಳ ಜೀವ ಉಳಿಸಲು ಹೋಗಿ 32ನೇ ವಯಸ್ಸಿಗೇ ಪ್ರಾಣ ಬಿಟ್ಟ ವೈದ್ಯ ಎಂದು ಅವರ ಕತೆಯನ್ನು ಹೇಳುವುದುಂಟು. ಅದು ನಿಜ. ಆದರೆ ಅವರು ಸತ್ತಿದ್ದು ಗುಂಡು ತಗುಲಿ ಅಲ್ಲ. ಒಂದರ ಮೇಲೊಂದು ಬಂದ ಮೂರ್ಛೆ ರೋಗದ ಸೆಳೆತಗಳಿಂದ. ಇಂದು ಅಂಥ ರೋಗಿ ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಬಂದರೆ ವೈದ್ಯರು ಮೊದಲು ನೋಡುವುದು ಉಸಿರಿನ ದಾರಿಯನ್ನು. ಅಗತ್ಯ ಬಿದ್ದರೆ ಗಂಟಲಲ್ಲಿ ನಳಿಗೆ ಇಳಿಸಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಕೋಟ್ನಿಸ್ ಅವರ ಕಾಲದಲ್ಲಿ, ಅವರಿದ್ದ ಹಳ್ಳಿಯಲ್ಲಿ, ಆ ಸೌಲಭ್ಯ ಇರಲಿಲ್ಲ. ಇಂದು ಅದು ಇದೆ, ಅದರ ಜೊತೆಗೆ ಅದರದೇ ಅಪಾಯಗಳೂ ಇವೆ. ಅವರ ಬದುಕನ್ನು ಓದುವಾಗ ಈ ಎರಡನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಗಿರಣಿ ಊರಿನ ಹುಡುಗ

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದ ಕೆಳಮಧ್ಯಮ ವರ್ಗದ ಕುಟುಂಬದಲ್ಲಿ. ಆಗಿನ ಸೊಲ್ಲಾಪುರ ಬಟ್ಟೆ ಗಿರಣಿಗಳ ಊರು. ಮರಾಠಿ, ಕನ್ನಡ, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳುವ ಊರು. ಗಿರಣಿಯ ಭೋಂಗಾ ಕೂಗಿದರೆ ಊರಿಗೇ ಹೊತ್ತು ಗೊತ್ತಾಗುತ್ತಿದ್ದ ದಿನಗಳವು.

ದ್ವಾರಕಾನಾಥ ಯುವಕರಾಗುವ ಹೊತ್ತಿಗೆ ಈ ಊರು ದೇಶದ ಗಮನ ಸೆಳೆದಿತ್ತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ನಂತರ ಸೊಲ್ಲಾಪುರದ ಜನ ಬೀದಿಗಿಳಿದರು. ಬ್ರಿಟಿಷ್ ಸರಕಾರ ಇಲ್ಲಿ ಮಾರ್ಷಲ್ ಲಾ ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕೋಟ್ನಿಸ್ ಅವರಿಗೆ ಆಗ 20 ವರ್ಷ. ಅವರು ಬೆಳೆದ ಊರಿನ ಗಾಳಿ ಎಂಥದಿತ್ತು ಎಂಬುದಕ್ಕೆ ಇಷ್ಟು ಸಾಕು.

ಮುಂದೆ ಅವರು ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ಓದಿದರು. ಓದು ಮುಗಿದ ಮೇಲೆ ಊರಲ್ಲೊಂದು ದವಾಖಾನೆ ಹಾಕಿ ನೆಮ್ಮದಿಯಿಂದ ಇರಬಹುದಿತ್ತು. ಅಷ್ಟರಲ್ಲಿ ಬೇರೆಯೇ ಕರೆ ಬಂತು.

ಐವರು ವೈದ್ಯರು, ಒಂದು ಹಡಗು

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿತು. ಚೀನಾದ ಸೇನಾನಿ ಝು ದೆ ಅವರು ಜವಾಹರಲಾಲ ನೆಹರು ಅವರಿಗೆ ಪತ್ರ ಬರೆದು ವೈದ್ಯರನ್ನು ಕಳಿಸುವಂತೆ ಕೇಳಿಕೊಂಡರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಸುಭಾಷಚಂದ್ರ ಬೋಸ್. ಅವರು ಜನರಿಗೆ ಮನವಿ ಮಾಡಿದರು. 1938ರ ಜುಲೈ 7ರಿಂದ 9ರವರೆಗೆ ದೇಶದಲ್ಲಿ ಚೀನಾ ದಿನ ಆಚರಿಸಿ 22,000 ರೂಪಾಯಿ ಕೂಡಿಸಲಾಯಿತು. ಸ್ವತಃ ಗುಲಾಮಗಿರಿಯಲ್ಲಿದ್ದ ದೇಶ ಇನ್ನೊಂದು ದೇಶದ ನೋವಿಗೆ ಕೈಲಾದಷ್ಟು ಕೊಟ್ಟಿತ್ತು.

ಅಲಹಾಬಾದಿನ ಡಾ. ಅಟಲ್ ತಂಡದ ಮುಖಂಡರು. ನಾಗಪುರದ ಡಾ. ಚೋಳಕರ್, ಕಲಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ಕೋಟ್ನಿಸ್ ಉಳಿದ ನಾಲ್ವರು. 1938ರ ಸೆಪ್ಟೆಂಬರಿನಲ್ಲಿ ಅವರು ಮುಂಬಯಿ ಬಂದರಿನಿಂದ ಹಡಗು ಹತ್ತಿದರು. ಯುದ್ಧದ ನಡುವೆ ಊರೂರು ದಾಟುತ್ತ 1939ರ ಫೆಬ್ರವರಿಯಲ್ಲಿ ಯನಾನ್ ತಲುಪಿದರು. ಅಲ್ಲಿ ಮಾವೋ ಮತ್ತು ಝು ದೆ ಅವರನ್ನು ಬರಮಾಡಿಕೊಂಡರು. ಐವರಿಗೂ ಚೀನೀ ಹೆಸರುಗಳನ್ನು ಇಡಲಾಯಿತು. ಎಲ್ಲ ಹೆಸರುಗಳ ಕೊನೆಗೂ ಹುವಾ, ಅಂದರೆ ಚೀನಾ ಎಂಬ ಪದ. ಕೋಟ್ನಿಸ್ ಅಲ್ಲಿ ಕೆ ದಿಹುವಾ ಆದರು. ಇಂದಿಗೂ ಚೀನಾದ ಜನ ಅವರನ್ನು ನೆನೆಯುವುದು ಇದೇ ಹೆಸರಿನಿಂದ.

ಅವರು ಚೀನಾದಲ್ಲಿದ್ದಾಗಲೇ ಇತ್ತ ಸೊಲ್ಲಾಪುರದಲ್ಲಿ ತಂದೆ ತೀರಿಕೊಂಡರು. ಮಗನಾದವನು ಮನೆಗೆ ಮರಳಬೇಕಾದ ಸಂದರ್ಭ. ಆದರೆ ಕೋಟ್ನಿಸ್ ಕೆಲಸ ಬಿಟ್ಟು ಬರಲಿಲ್ಲ. ಜೊತೆಗೆ ಹೋದ ನಾಲ್ವರೂ ಕಾಲಕ್ರಮೇಣ ಭಾರತಕ್ಕೆ ಹಿಂತಿರುಗಿದರು. ಐದನೆಯವರು ಬರಲೇ ಇಲ್ಲ.

72 ತಾಸು ನಿಲ್ಲದ ಕೈ

ಕೋಟ್ನಿಸ್ ಯುದ್ಧರಂಗದ ಹತ್ತಿರವೇ ಕೆಲಸ ಮಾಡಲು ಮುಂದಾದರು. ಗುಡ್ಡಗಾಡಿನ ಹಳ್ಳಿಗಳು, ಕೊರೆಯುವ ಚಳಿ, ಔಷಧಿಯ ಕೊರತೆ. ಗಾಯಾಳುಗಳನ್ನು ಕಂಬಳಿ, ಬಾಗಿಲು, ಮಂಚದ ಮೇಲೆ ಹೊತ್ತು ತರುತ್ತಿದ್ದರು. 1940ರಲ್ಲಿ ನಡೆದ ಒಂದು ದೀರ್ಘ ಕಾಳಗದಲ್ಲಿ 13 ದಿನಗಳಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳಿಗೆ ಅವರು ಚಿಕಿತ್ಸೆ ನೀಡಿದರು. ಒಮ್ಮೆ 72 ತಾಸು ನಿದ್ದೆ ಇಲ್ಲದೆ ಸತತ ಶಸ್ತ್ರಕ್ರಿಯೆ ಮಾಡಿದ್ದು ಅವರ ಬದುಕಿನ ಪ್ರಸಿದ್ಧ ಸಂಗತಿ.

ಅಂದಿನ ರಣರಂಗದ ಶಸ್ತ್ರಕ್ರಿಯೆ ಹೇಗಿತ್ತು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಈಥರ್ ಅಥವಾ ಕ್ಲೋರೋಫಾರ್ಮ್ ದೊರೆತರೆ ಬಟ್ಟೆಯ ಮುಖವಾಡದ ಮೇಲೆ ಹನಿಹನಿಯಾಗಿ ಹಾಕಿ ರೋಗಿಗೆ ಪ್ರಜ್ಞೆ ತಪ್ಪಿಸುವುದು ಆ ಕಾಲದಲ್ಲಿ ಎಲ್ಲೆಡೆ ಇದ್ದ ರೂಢಿ. ಪ್ರಜ್ಞೆ ತಪ್ಪಿದವನ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಕಟ್ಟಬಹುದು. ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದು, ಎದೆ ಏರಿಳಿಯುವುದನ್ನೂ ತುಟಿಯ ಬಣ್ಣವನ್ನೂ ನೋಡುತ್ತ ಕೂರುವುದಷ್ಟೇ ಸಹಾಯಕನ ಕೆಲಸ.

ಉಸಿರಿನ ನಳಿಗೆ ಆಗ ಜಗತ್ತಿಗೆ ಗೊತ್ತಿರಲಿಲ್ಲ ಎಂದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಮೆಕ್‌ಇವೆನ್ 1878ರಲ್ಲೇ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಗೆ ಇಳಿಸಿ ಅರಿವಳಿಕೆ ಕೊಡಿಸಿದ್ದರು. ನ್ಯೂಯಾರ್ಕಿನ ಜೋಸೆಫ್ ಓಡ್ವೈರ್ 1880ರ ದಶಕದಲ್ಲಿ ಗಳಚರ್ಮ ರೋಗದಿಂದ, ಅಂದರೆ ಡಿಫ್ತೀರಿಯಾದಿಂದ, ಉಸಿರು ಕಟ್ಟಿದ ಮಕ್ಕಳಿಗೆ ಪುಟ್ಟ ಲೋಹದ ನಳಿಗೆ ಹಾಕಿ ಬದುಕಿಸಿದ್ದರು. ಮೊದಲ ಮಹಾಯುದ್ಧದ ನಂತರ ಮುಖ ಛಿದ್ರಗೊಂಡ ಸೈನಿಕರ ಶಸ್ತ್ರಕ್ರಿಯೆಗಾಗಿ ಇಂಗ್ಲೆಂಡಿನ ಐವನ್ ಮೆಗಿಲ್ ಮತ್ತು ರೋಬೋಥಮ್ ರಬ್ಬರ್ ನಳಿಗೆಯನ್ನು ಬಳಕೆಗೆ ತಂದರು. ನಳಿಗೆಯ ತುದಿಗೆ ಗಾಳಿ ತುಂಬುವ ಪುಟ್ಟ ಬಲೂನು ಕಟ್ಟಿ ಸೋರಿಕೆ ತಡೆಯುವ ಉಪಾಯವನ್ನು ಅಮೆರಿಕದ ಗೇಡೆಲ್ ಮತ್ತು ವಾಟರ್ಸ್ 1928ರಲ್ಲಿ ಪ್ರಕಟಿಸಿದರು. ಇವೆಲ್ಲ ದೊಡ್ಡ ನಗರದ ದೊಡ್ಡ ಆಸ್ಪತ್ರೆಯ ಮಾತಾಯಿತು.

ಬೆಥೂನ್ ಆಸ್ಪತ್ರೆಯ ಹೊಣೆ

ಕೋಟ್ನಿಸ್ ಅವರಿಗಿಂತ ಮೊದಲು ಅದೇ ಪ್ರದೇಶದಲ್ಲಿ ಕೆಲಸ ಮಾಡಿದ್ದವರು ಕೆನಡಾದ ಡಾ. ನಾರ್ಮನ್ ಬೆಥೂನ್. ಅವರು ಎದೆಯ ಶಸ್ತ್ರಕ್ರಿಯೆಯಲ್ಲಿ ಹೆಸರಾದವರು. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗೆ ಆದ ಸಣ್ಣ ಗಾಯದಿಂದ ರಕ್ತಕ್ಕೆ ನಂಜೇರಿ 1939ರ ನವೆಂಬರ್ 12ರಂದು ಅವರು ತೀರಿಕೊಂಡರು. ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು.

ಅಲ್ಲಿ ಅವರು ಕೇವಲ ಚಾಕು ಹಿಡಿದ ವೈದ್ಯರಾಗಿ ಉಳಿಯಲಿಲ್ಲ. ಚೀನೀ ಭಾಷೆ ಮಾತಾಡಲು, ಬರೆಯಲು ಕಲಿತರು. ಹಳ್ಳಿಯ ಹುಡುಗ ಹುಡುಗಿಯರಿಗೆ ಅವರದೇ ಮಾತಿನಲ್ಲಿ ವೈದ್ಯಕೀಯ ಪಾಠ ಮಾಡಿದರು. ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯ ಬರೆಯತೊಡಗಿದರು. ಮೂರು ಭಾಷೆಯ ಊರಲ್ಲಿ ಬೆಳೆದವರಿಗೆ ರೋಗಿಯ ಭಾಷೆಯಲ್ಲಿ ಮಾತಾಡುವುದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್ಲಾನ್ ಅವರನ್ನು 1941ರ ಕೊನೆಯಲ್ಲಿ ಮದುವೆಯಾದರು. 1942ರ ಆಗಸ್ಟ್ 23ರಂದು ಗಂಡು ಮಗು ಹುಟ್ಟಿತು. ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಒಂದೇ ಹೆಸರಲ್ಲಿ ಎರಡು ದೇಶ.

1942ರ ಡಿಸೆಂಬರ್ 9

ವರ್ಷಗಟ್ಟಲೆ ನಿದ್ದೆಗೆಟ್ಟು, ಅರೆಹೊಟ್ಟೆ ಉಂಡು ದುಡಿದ ದೇಹ ದಣಿದಿತ್ತು. ಮೂರ್ಛೆ ರೋಗ ಅವರನ್ನು ಕಾಡತೊಡಗಿತ್ತು. ಆದರೂ ಕೆಲಸ ಬಿಡಲಿಲ್ಲ. ಕೊನೆಗೆ ಸೆಳೆತಗಳು ಒಂದರ ಹಿಂದೊಂದು ಬಂದವು. 1942ರ ಡಿಸೆಂಬರ್ 9ರಂದು ಡಾ. ಕೋಟ್ನಿಸ್ ಕೊನೆಯುಸಿರೆಳೆದರು. ಮಗುವಿಗೆ ಆಗ ಮೂರೂವರೆ ತಿಂಗಳು.

ಸೆಳೆತ ನಿಲ್ಲದೆ ಐದು ನಿಮಿಷ ದಾಟಿದರೆ, ಅಥವಾ ನಡುವೆ ಎಚ್ಚರ ಬಾರದೆ ಮತ್ತೆ ಮತ್ತೆ ಬಂದರೆ ಅದು ಜೀವಕ್ಕೆ ಅಪಾಯ. ಉಸಿರಾಟ ಏರುಪೇರಾಗುತ್ತದೆ, ಜೊಲ್ಲು ಮತ್ತು ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ, ಮಿದುಳಿಗೆ ಆಮ್ಲಜನಕ ಸಾಲುವುದಿಲ್ಲ. ಸೆಳೆತ ನಿಲ್ಲಿಸಲು ಜೋರಾದ ಔಷಧಿ ಕೊಟ್ಟರೆ ಅದೇ ಔಷಧಿ ಉಸಿರನ್ನೂ ಕುಗ್ಗಿಸಬಲ್ಲದು. ಆದ್ದರಿಂದ ಔಷಧಿಯ ಜೊತೆಗೆ ಉಸಿರಿಗೆ ಆಸರೆ ಬೇಕು.

ಕಾಲದ ವಿಚಿತ್ರ ನೋಡಿ. ಕೋಟ್ನಿಸ್ ತೀರಿಕೊಂಡ ಅದೇ 1942ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೆರಾಲ್ಡ್ ಗ್ರಿಫಿತ್ ಸ್ನಾಯು ಸಡಿಲಿಸುವ ಕ್ಯುರಾರೆ ಔಷಧಿಯನ್ನು ಅರಿವಳಿಕೆಯಲ್ಲಿ ಬಳಸಿದರು. ನಳಿಗೆ ಹಾಕುವ ಕೆಲಸ ಮುಂದೆ ಸುಲಭವಾಗಲು ಅದು ದಾರಿ ಮಾಡಿತು. ಹತ್ತು ವರ್ಷಗಳ ನಂತರ, 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಾವಳಿ ಎದ್ದಾಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಗೆ ಹಾಕಿಸಿದರು. ನೂರಾರು ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಿಂದ ಚೀಲ ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ. ಸೆಳೆತ ನಿಲ್ಲಿಸುವ ಡಯಾಜೆಪಾಮ್ ಇಂಜೆಕ್ಷನ್ ಬಳಕೆಗೆ ಬಂದಿದ್ದು 1960ರ ದಶಕದಲ್ಲಿ. ಇವೆಲ್ಲ ಬರುವ ಮೊದಲೇ ಕೋಟ್ನಿಸ್ ಹೋಗಿಬಿಟ್ಟಿದ್ದರು.

ಮಗನ ಸಾವು ಕಲಿಸುವುದು

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಯಿನ್‌ಹುವಾ ಬೆಳೆದು ತಂದೆಯಂತೆ ವೈದ್ಯನಾಗಲು ಹೊರಟರು. ಓದು ಮುಗಿಯುವ ಹೊತ್ತಿಗೆ, 1967ರಲ್ಲಿ, 24ನೇ ವಯಸ್ಸಿಗೆ ತೀರಿಕೊಂಡರು. ಚಿಕಿತ್ಸೆಯಲ್ಲಾದ ತಪ್ಪು ಅವರ ಸಾವಿಗೆ ಕಾರಣವಾಯಿತು. ತಂದೆಗೆ ಬೇಕಾದ ಚಿಕಿತ್ಸೆ ಆ ಕಾಲದಲ್ಲಿ ಇರಲಿಲ್ಲ. ಮಗನಿಗೆ ಚಿಕಿತ್ಸೆ ಇತ್ತು, ಆದರೆ ಅದು ತಪ್ಪಿತು. ಒಂದೇ ಮನೆಯ ಈ ಎರಡು ಸಾವುಗಳ ನಡುವೆ ವೈದ್ಯಕೀಯದ ಒಂದು ದೊಡ್ಡ ಪಾಠವಿದೆ. ಸೌಲಭ್ಯ ಇದ್ದರಷ್ಟೇ ಸಾಲದು, ಅದನ್ನು ಎಚ್ಚರಿಕೆಯಿಂದ ಬಳಸಬೇಕು.

ಉಸಿರಿನ ನಳಿಗೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಐಸಿಯುಗಳಲ್ಲಿ ಸ್ಥಿತಿ ಬಿಗಡಾಯಿಸಿದ ರೋಗಿಗಳಿಗೆ ನಳಿಗೆ ಹಾಕುವಾಗ ಏನಾಗುತ್ತದೆ ಎಂದು 29 ದೇಶಗಳ 2,964 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನೂರಕ್ಕೆ 45 ಮಂದಿಗೆ ಒಂದಲ್ಲ ಒಂದು ಗಂಭೀರ ತೊಡಕು ಎದುರಾಗಿತ್ತು. ಹೆಚ್ಚಿನವರಿಗೆ ರಕ್ತದೊತ್ತಡ ಕುಸಿದಿತ್ತು. ನೂರಕ್ಕೆ 9 ಮಂದಿಗೆ ಆಮ್ಲಜನಕ ತೀರಾ ಕಡಿಮೆಯಾಗಿತ್ತು. ನೂರಕ್ಕೆ 3 ಮಂದಿಗೆ ಹೃದಯ ನಿಂತಿತ್ತು. ಅವರೆಲ್ಲ ಮೊದಲೇ ಸಂಕಟದಲ್ಲಿದ್ದವರು ಎಂಬುದನ್ನು ಮರೆಯಬಾರದು. ಹರ್ನಿಯಾ, ಪಿತ್ತಕೋಶದಂಥ ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆಗಳಲ್ಲಿ ಅಪಾಯ ಇದಕ್ಕಿಂತ ಬಹಳ ಕಡಿಮೆ.

ನಳಿಗೆ ದಾರಿ ತಪ್ಪಿದರೆ

ಗಂಟಲಿನ ಹಿಂದೆ ಎರಡು ದಾರಿಗಳಿವೆ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ನಳಿಗೆ ಅನ್ನನಾಳಕ್ಕೆ ಹೋದರೆ ಗಾಳಿ ಹೊಟ್ಟೆಗೆ ಸೇರುತ್ತದೆ. ಕೂಡಲೆ ಗೊತ್ತಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ರೋಗಿಯ ಮಿದುಳಿಗೆ ಹಾನಿಯಾಗುತ್ತದೆ. ಎದೆ ಏರಿದಂತೆ ಕಾಣುವುದು, ಸ್ಟೆಥಾಸ್ಕೋಪಿನಲ್ಲಿ ಸದ್ದು ಕೇಳುವುದು ಇವೆರಡೂ ಮೋಸ ಮಾಡಬಹುದು. ಅದಕ್ಕೇ ಇಂದು ಕ್ಯಾಪ್ನೋಗ್ರಾಫ್ ಎಂಬ ಯಂತ್ರ ಬಳಸುತ್ತಾರೆ. ಹೊರಬರುವ ಉಸಿರಿನ ಇಂಗಾಲದ ಡೈ ಆಕ್ಸೈಡನ್ನು ಅದು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತದೆ. ಉಸಿರು ಉಸಿರಿಗೂ ಅಲೆ ಬರುತ್ತಿದ್ದರೆ ನಳಿಗೆ ಸರಿಯಾದ ದಾರಿಯಲ್ಲಿದೆ. ಅಲೆ ಬಾರದಿದ್ದರೆ ನಳಿಗೆ ತಪ್ಪಿದೆ ಎಂದೇ ತಿಳಿದು ತೆಗೆಯಬೇಕು ಎಂಬುದು ಇಂದಿನ ನಿಯಮ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯೊಂದು, ಐಸಿಯುಗಳಲ್ಲಿ ನಳಿಗೆಗೆ ಸಂಬಂಧಿಸಿ ಆದ ಸಾವುನೋವುಗಳಲ್ಲಿ ಹೆಚ್ಚಿನವಕ್ಕೆ ಈ ಯಂತ್ರ ಬಳಸದೇ ಇದ್ದುದು ಕಾರಣವಾಗಿರಬಹುದು ಎಂದು ಕಂಡುಕೊಂಡಿತು.

ನಳಿಗೆ ತೀರಾ ಒಳಗೆ ಇಳಿದರೆ ಬಹುಪಾಲು ಬಲಗಡೆಯ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಎಡಗಡೆ ಗಾಳಿ ಸಿಗದೆ ಮುದುಡುತ್ತದೆ. ಎರಡೂ ಕಡೆ ಸದ್ದು ಕೇಳುವುದು, ನಳಿಗೆಯ ಮೇಲಿನ ಸೆಂಟಿಮೀಟರ್ ಗುರುತು ಬರೆದಿಡುವುದು, ಎದೆಯ ಎಕ್ಸ್‌ರೇ ತೆಗೆಯುವುದು ಇದಕ್ಕೆ ಉಪಾಯ. ಹಲ್ಲು ಮುರಿಯುವುದು, ತುಟಿ ಸೀಳುವುದು, ಗಂಟಲಲ್ಲಿ ರಕ್ತ ಬರುವುದು ಇತರ ತೊಡಕುಗಳು. ಶಸ್ತ್ರಕ್ರಿಯೆಯ ನಂತರ ಒಂದೆರಡು ದಿನ ಗಂಟಲು ನೋಯುವುದು, ಧ್ವನಿ ಒಡೆಯುವುದು ಸಾಮಾನ್ಯ.

ಬಹಳ ದಿನ ನಳಿಗೆ ಇದ್ದರೆ ಬೇರೆ ತೊಂದರೆ ಬರುತ್ತವೆ. ತುದಿಯ ಬಲೂನು ಬಿಗಿಯಾದರೆ ಶ್ವಾಸನಾಳದ ಒಳಪದರ ಸಾಯುತ್ತದೆ, ಸಡಿಲವಾದರೆ ಜೊಲ್ಲು ಒಳಗಿಳಿದು ನ್ಯುಮೋನಿಯಾ ಆಗುತ್ತದೆ. ಅದಕ್ಕೇ ಬಲೂನಿನ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿ ಇಡಬೇಕು, ಅದನ್ನು ಮಾಪಕದಿಂದ ಅಳೆಯಬೇಕು. ತಲೆದಿಂಬಿನ ಕಡೆ 30ರಿಂದ 45 ಡಿಗ್ರಿ ಎತ್ತರಿಸುವುದು, ಬಾಯಿ ಸ್ವಚ್ಛವಾಗಿಡುವುದು, ಕಫ ಹೀರಿ ತೆಗೆಯುವುದು, ಕೈ ತೊಳೆಯುವುದು, ನಳಿಗೆ ಇನ್ನೂ ಬೇಕೇ ಎಂದು ದಿನವೂ ನೋಡುವುದು ಇವು ನರ್ಸ್ ಮತ್ತು ವೈದ್ಯರ ನಿತ್ಯದ ಕೆಲಸ. ಹೆಚ್ಚು ದಿನ ಬೇಕೆನಿಸಿದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಬೇರೆ ನಳಿಗೆ ಹಾಕುತ್ತಾರೆ.

ಇನ್ನೊಂದು ತೊಡಕು ಮನೆಗೆ ಬಂದ ಮೇಲೆ ಕಾಣುತ್ತದೆ. ಕೆಲವರಿಗೆ ಶ್ವಾಸನಾಳದ ಒಳಗೆ ಗಾಯ ಮಾಗುವಾಗ ದಾರಿ ಕಿರಿದಾಗುತ್ತದೆ. ವಾರಗಳ ನಂತರ ಏದುಸಿರು, ಸೀಟಿ ಹೊಡೆದಂಥ ಸದ್ದು ಬರುತ್ತದೆ. ಊರಲ್ಲಿ ಇದನ್ನು ದಮ್ಮು ಎಂದು ತಿಳಿದು ದಮ್ಮಿನ ಔಷಧಿ ತಿನ್ನಿಸುವುದುಂಟು. ಹಿಂದೆ ನಳಿಗೆ ಹಾಕಿದ್ದರು ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ರೋಗಿಯ ಕಡೆಯವರು ಮಾಡಬಹುದಾದ್ದು

ತಡೆಯುವ ಕೆಲಸ ವೈದ್ಯರದಷ್ಟೇ ಅಲ್ಲ. ಗಡಿಭಾಗದ ಹಳ್ಳಿಗಳಿಂದ ಬರುವ ಕುಟುಂಬಗಳು ಕೆಲವು ಮಾತುಗಳನ್ನು ಕೇಳದಿದ್ದರೂ ಹೇಳಬೇಕು. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲಿನ ಸೆಟ್ಟು, ಜೋರಾದ ಗೊರಕೆ, ಕುತ್ತಿಗೆ ನೋವು, ಹಿಂದಿನ ಶಸ್ತ್ರಕ್ರಿಯೆಯಲ್ಲಿ ನಳಿಗೆ ಹಾಕಲು ಕಷ್ಟವಾದದ್ದು ಇವನ್ನೆಲ್ಲ ಮೊದಲೇ ತಿಳಿಸಬೇಕು. ಗುಟಖಾ, ಮಾವಾ, ಅಡಿಕೆ ಅಗಿಯುವವರ ಬಾಯಿ ವರ್ಷಗಳಲ್ಲಿ ಬಿಗಿದು ಎರಡು ಬೆರಳು ಹೋಗುವಷ್ಟೂ ತೆರೆಯದಂತಾಗುತ್ತದೆ. ಅಂಥವರಿಗೆ ನಳಿಗೆ ಹಾಕುವುದು ಬಹಳ ಕಷ್ಟ. ಮುಚ್ಚಿಡದೆ ಹೇಳಿದರೆ ವೈದ್ಯರು ವಿಡಿಯೊ ಲ್ಯಾರಿಂಗೋಸ್ಕೋಪ್, ಮೂಗಿನಿಂದ ಇಳಿಸುವ ದೂರದರ್ಶಕ ನಳಿಗೆ ಮೊದಲಾದವನ್ನು ಸಿದ್ಧ ಮಾಡಿಕೊಳ್ಳುತ್ತಾರೆ.

ಉಪವಾಸದ ಮಾತು ಇನ್ನೂ ಮುಖ್ಯ. ಸಾಮಾನ್ಯವಾಗಿ ಊಟ, ಹಾಲು ಶಸ್ತ್ರಕ್ರಿಯೆಗೆ 6 ತಾಸು ಮೊದಲು ನಿಲ್ಲಬೇಕು, ಬರೀ ನೀರು 2 ತಾಸು ಮೊದಲು. ಹಾಲು ಹಾಕಿದ ಚಹಾ ನೀರಲ್ಲ. ಬೆಳಿಗ್ಗೆ ಅರ್ಧ ಕಪ್ಪು ಚಹಾ ಕುಡಿಸಿ ಸುಮ್ಮನಿರುವುದು ಪ್ರೀತಿಯಲ್ಲ, ಅಪಾಯ. ಆಸ್ಪತ್ರೆಯವರು ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಕಾಗದಗಳು ಮರಾಠಿ ಅಥವಾ ಇಂಗ್ಲಿಷಿನಲ್ಲಿದ್ದು ಮನೆಯ ಹಿರಿಯರಿಗೆ ಕನ್ನಡ ಮಾತ್ರ ಬರುತ್ತಿದ್ದರೆ, ಎರಡೂ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಸಹಿ ಮಾಡುವ ಮೊದಲು ನಳಿಗೆ ಏಕೆ, ಎಷ್ಟು ದಿನ, ಕ್ಯಾಪ್ನೋಗ್ರಾಫ್ ಇದೆಯೇ ಎಂದು ವಿನಯದಿಂದ ಕೇಳಬಹುದು. ಕೇಳುವುದು ರೋಗಿಯ ಕಡೆಯವರ ಹಕ್ಕು. ನಳಿಗೆ ಹಾಕಿದರೆ ಮುಗಿಯಿತು ಎಂಬ ಭಯ ಹಳ್ಳಿಗಳಲ್ಲಿ ಇದೆ. ಅದು ಸರಿಯಲ್ಲ. ಸೆಳೆತ, ವಿಷಪ್ರಾಶನ, ಹಾವು ಕಡಿತ, ಅಪಘಾತಗಳಲ್ಲಿ ನಳಿಗೆಯ ಆಸರೆಯಿಂದ ಬದುಕಿ ನಡೆದು ಮನೆಗೆ ಹೋದವರು ಬಹಳ ಮಂದಿ. ಆದರೆ ಐಸಿಯುನಲ್ಲಿ ನೋಡಲು ಹೋದವರು ರೋಗಿಯ ಕಟ್ಟಿದ ಕೈ ಬಿಚ್ಚುವುದು, ನಳಿಗೆ ಮುಟ್ಟುವುದು ಮಾಡಬಾರದು.

ಮನೆಯಲ್ಲಿ ಯಾರಿಗಾದರೂ ಮೂರ್ಛೆ ಬಂದರೆ ಬಾಯಲ್ಲಿ ಚಮಚ, ಬಟ್ಟೆ, ಬೆರಳು ಹಾಕಬಾರದು. ಕೈಯಲ್ಲಿ ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದು ಇವುಗಳಿಂದ ಪ್ರಯೋಜನವಿಲ್ಲ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ಬಿಗಿ ಬಟ್ಟೆ ಸಡಿಲಿಸಿ, ಸೆಳೆತ ನಿಲ್ಲುತ್ತಲೇ ಒಂದು ಮಗ್ಗುಲಿಗೆ ಹೊರಳಿಸಬೇಕು. ಎಚ್ಚರ ಬರುವವರೆಗೆ ನೀರು ಕುಡಿಸಬಾರದು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಗಡಿಯ ಆಚೆಗೂ ಈಚೆಗೂ ಅಂಬ್ಯುಲೆನ್ಸಿನ ನಂಬರು ಒಂದೇ.

ದೇಶದ ಅರಿವಳಿಕೆ ತಜ್ಞರೂ ಸುಮ್ಮನೆ ಕುಳಿತಿಲ್ಲ. ಕಷ್ಟದ ಉಸಿರುದಾರಿಯನ್ನು ನಿಭಾಯಿಸುವುದು ಹೇಗೆಂದು ಅಖಿಲ ಭಾರತ ಮಟ್ಟದ ಅವರ ಸಂಘ 2016ರಲ್ಲಿ ಮಾರ್ಗದರ್ಶಿ ಪ್ರಕಟಿಸಿತು. ನಳಿಗೆ ಹಾಕುವ ಮೊದಲು ಚೆನ್ನಾಗಿ ಆಮ್ಲಜನಕ ಕೊಡುವುದು, ಪ್ರಯತ್ನಗಳಿಗೆ ಮಿತಿ ಹಾಕಿಕೊಳ್ಳುವುದು, ಆಗದಿದ್ದರೆ ಬೇಗ ಸಹಾಯ ಕರೆಯುವುದು, ಮುಂದಿನ ಉಪಾಯ ಮೊದಲೇ ಗೊತ್ತುಮಾಡಿಕೊಳ್ಳುವುದು ಅದರ ಸಾರ. ತನ್ನಿಂದ ಆಗುತ್ತಿಲ್ಲ ಎಂದು ಒಪ್ಪಿ ಇನ್ನೊಬ್ಬರನ್ನು ಕರೆಯುವ ವೈದ್ಯ ಸಣ್ಣವನಾಗುವುದಿಲ್ಲ.

ಉಳಿದ ನೆನಪು

ಕೋಟ್ನಿಸ್ ಅವರ ಕತೆಯನ್ನು ಕೆ.ಎ. ಅಬ್ಬಾಸ್ ಪುಸ್ತಕವಾಗಿ ಬರೆದರು. ವಿ. ಶಾಂತಾರಾಮ್ 1946ರಲ್ಲಿ ಡಾ. ಕೋಟ್ನಿಸ್ ಕೀ ಅಮರ್ ಕಹಾನಿ ಚಿತ್ರ ಮಾಡಿ ತಾವೇ ಕೋಟ್ನಿಸ್ ಪಾತ್ರ ವಹಿಸಿದರು. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅವರ ಅಂಚೆಚೀಟಿ ಹೊರತಂದವು. ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಬೆಥೂನ್ ಅವರ ಸಮಾಧಿಯೂ ಅಲ್ಲಿಯೇ ಇದೆ. ಅದೇ ನಗರದಲ್ಲಿ ಅವರ ಹೆಸರಿನ ವೈದ್ಯಕೀಯ ಶಾಲೆಯೂ ಇದೆ. ಚೀನಾದ ಅಧ್ಯಕ್ಷ ಹು ಜಿಂಟಾವೊ 2006ರಲ್ಲಿ, ಪ್ರಧಾನಿ ಲಿ ಕಚಿಯಾಂಗ್ 2013ರಲ್ಲಿ ಭಾರತಕ್ಕೆ ಬಂದಾಗ ಕೋಟ್ನಿಸ್ ಕುಟುಂಬದವರನ್ನು ಭೇಟಿಯಾದರು. ಎರಡು ದೇಶಗಳ ನಡುವೆ ಏನೇ ಜಗಳ ಬಂದರೂ ಈ ಒಂದು ಹೆಸರಿಗೆ ಧಕ್ಕೆ ಬಂದಿಲ್ಲ. ಗಂಡನನ್ನೂ ಮಗನನ್ನೂ ಕಳೆದುಕೊಂಡ ಗುವೊ ಚಿಂಗ್ಲಾನ್ 2012ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಮೊದಲ ದಿನ ಸೊಲ್ಲಾಪುರದ ಮನೆ ಸ್ಮಾರಕವಾಗಿ ತೆರೆದಿತ್ತು.

ಬೆಥೂನ್ ಸತ್ತಿದ್ದು ಬೆರಳಿನ ಸಣ್ಣ ಗಾಯದಿಂದ. ಕೋಟ್ನಿಸ್ ಸತ್ತಿದ್ದು ನಿಲ್ಲದ ಸೆಳೆತದಿಂದ. ಯಿನ್‌ಹುವಾ ಸತ್ತಿದ್ದು ಚಿಕಿತ್ಸೆಯ ತಪ್ಪಿನಿಂದ. ಮೊದಲ ಎರಡಕ್ಕೆ ಇಂದು ಔಷಧಿಯಿದೆ, ಯಂತ್ರವಿದೆ. ಮೂರನೆಯದಕ್ಕೆ ಎಚ್ಚರವೊಂದೇ ಮದ್ದು. ಸೊಲ್ಲಾಪುರದಲ್ಲಿ ಕಲಿತು ಹೊರಬೀಳುವ ಪ್ರತಿಯೊಬ್ಬ ವೈದ್ಯ, ನರ್ಸ್ ಒಮ್ಮೆ ಭೈಯ್ಯಾ ಚೌಕದ ಆ ಮನೆಗೆ ಹೋಗಿಬಂದರೆ ಒಳ್ಳೆಯದು. ದವಾಖಾನೆಗೆ ಬಂದ ಅಕ್ಕಲಕೋಟೆ ಕಡೆಯವರೂ ಬಸ್ಸಿಗೆ ಹೊತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.